ರೇಟ್ ಮೊದಲು, ಲಸಿಕೆ ಆಮೇಲೆ: ಆಫ್ರಿಕಾದ ಮೆನಿಂಜೈಟಿಸ್ ಎ ಲಸಿಕೆ, ಒಂದು ಪ್ರಕರಣ ಅಧ್ಯಯನ

ಲಸಿಕೆ ಅಂದ್ರೆ ಲ್ಯಾಬಲ್ಲಿ ಯಾರೋ ಕಂಡುಹಿಡಿತಾರೆ, ಕಂಪನಿ ತಯಾರು ಮಾಡತ್ತೆ, ಕೊನೆಗೆ ರೇಟ್ ಎಷ್ಟು ಅಂತ ನಮಗೆ ಗೊತ್ತಾಗತ್ತೆ, ಇಷ್ಟೇ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ನಾನು ಇಲ್ಲಿ ಬರೀತಿರೋ ಕೇಸಲ್ಲಿ ಈ ಕ್ರಮ ಪೂರ್ತಿ ಉಲ್ಟಾ. ರೇಟ್ ಮೊದಲು ಗಟ್ಟಿಯಾಯ್ತು, ಆ ರೇಟಿಗೆ ಒಪ್ಪೋರು ಯಾರು ಅಂತ ಹುಡುಕಿದ್ದು ಆಮೇಲೆ, ಲಸಿಕೆ ಹೇಗೆ ಮಾಡೋದು ಅನ್ನೋದು ಅದಕ್ಕೂ ಆಮೇಲೆ. ಲಸಿಕೆ ಕಾರ್ಯಕ್ರಮದ ಕೆಲಸ ಮಾಡೋ ಹುಡುಗರ ಜೊತೆ ಮಾತಾಡುವಾಗೆಲ್ಲ ನಾನು ಇದನ್ನೇ ಎತ್ಕೊಳ್ಳೋದು, ಯಾಕಂದ್ರೆ ಇದರಲ್ಲಿ ನಿರ್ಧಾರಗಳು ಒಂದೊಂದಾಗಿ ಕಣ್ಣಿಗೆ ಕಾಣ್ತವೆ.

ಒಂದು ಮಾತು ಮುಂಚೆನೇ ಹೇಳ್ಬಿಡ್ತೀನಿ. ಯೋಜನೆ, ದೇಶ, ಲಸಿಕೆ ಇವುಗಳ ಹೆಸರು ಇಡೀ ಜಗತ್ತಿಗೆ ಗೊತ್ತಿರೋದು, ಅದನ್ನ ಮುಚ್ಚಿಟ್ರೆ ಕತೆಗೆ ಅರ್ಥನೇ ಇರಲ್ಲ. ಆದ್ರೆ ಒಳಗೆ ಕೆಲಸ ಮಾಡಿದವರ ಹೆಸರಾಗ್ಲಿ, ಮಾತುಕತೆಗೆ ಬಂದು ಹಿಂದೆ ಸರಿದ ಕಂಪನಿಗಳ ಹೆಸರಾಗ್ಲಿ ನಾನು ಬರೆಯಲ್ಲ. ಯಾರು ಅನ್ನೋದಕ್ಕಿಂತ ಯಾವ ಹೊತ್ತಲ್ಲಿ ಏನು ತೀರ್ಮಾನ ಮಾಡಿದ್ರು ಅನ್ನೋದು ಇಲ್ಲಿ ಮುಖ್ಯ.

ಹಿನ್ನೆಲೆ

ಆಫ್ರಿಕಾದ ಮ್ಯಾಪ್ ತೆಗೆದು ಸಹಾರಾ ಮರುಭೂಮಿಯ ಕೆಳಗೆ, ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾ ತನಕ ಅಡ್ಡಡ್ಡ ಒಂದು ಪಟ್ಟಿ ಎಳೀರಿ, ಅದೇ ಮೆನಿಂಜೈಟಿಸ್ ಬೆಲ್ಟ್. 1963ರಲ್ಲಿ ಲಾಪೆಸೋನಿ ಅನ್ನೋ ಫ್ರೆಂಚ್ ಮಿಲಿಟರಿ ಡಾಕ್ಟರ್ ಇದನ್ನ ಗುರುತಿಸಿ ಬರೆದ್ರು, ಈಗ ಈ ಪಟ್ಟಿಯಲ್ಲಿ 26 ದೇಶಗಳನ್ನ ಲೆಕ್ಕ ಹಾಕ್ತಾರೆ. ಅಲ್ಲಿ ಡಿಸೆಂಬರ್‌ನಿಂದ ಜೂನ್ ತನಕ ಒಣ ಕಾಲ, ಮರುಭೂಮಿ ಕಡೆಯಿಂದ ಹರ್ಮಟನ್ ಅನ್ನೋ ಧೂಳುಗಾಳಿ ಬೀಸತ್ತೆ, ಗಂಟಲೆಲ್ಲ ಒಣಗಿ ಒಳಗಿನ ಪೊರೆ ಹಾಳಾಗತ್ತೆ, ಗಂಟಲಲ್ಲಿ ಸುಮ್ಮನೆ ಕೂತಿದ್ದ ನೈಸೀರಿಯಾ ಮೆನಿಂಜೈಟಿಡಿಸ್ ಅನ್ನೋ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಮೆದುಳು ಬೆನ್ನುಹುರಿ ಸುತ್ತ ಇರೋ ಪೊರೆಗೆ ಹೋಗಿ ಕೂರತ್ತೆ, ಇದೇ ಮೆನಿಂಜೈಟಿಸ್. ಜ್ವರ, ತಡೆಯೋಕಾಗದ ತಲೆನೋವು, ಕತ್ತು ಬಗ್ಗಿಸೋಕಾಗಲ್ಲ. ಒಳ್ಳೆ ಚಿಕಿತ್ಸೆ ಸಿಕ್ಕಿದ್ರೂ ಹತ್ತರಲ್ಲಿ ಒಬ್ಬರು ಉಳಿಯಲ್ಲ, ಉಳಿದವರಲ್ಲಿ ಎಷ್ಟೋ ಮಕ್ಕಳಿಗೆ ಕಿವಿ ಹೋಗಿರತ್ತೆ, ಇಲ್ಲಾ ಬುದ್ಧಿ ಬೆಳವಣಿಗೆಗೆ ಪೆಟ್ಟು ಬಿದ್ದಿರತ್ತೆ. ಮಳೆ ಬಿತ್ತು ಅಂದ್ರೆ ಪಿಡುಗು ತಾನಾಗೇ ಇಳಿಯತ್ತೆ, ಹಾಗಾಗಿ ಅಲ್ಲಿನ ಜನ ಮಳೆಗೆ ಕಾಯೋದು ಬರೀ ಬೆಳೆಗೋಸ್ಕರ ಅಲ್ಲ.

ಈ ಬ್ಯಾಕ್ಟೀರಿಯಾದಲ್ಲಿ ಎ, ಬಿ, ಸಿ, ಡಬ್ಲ್ಯೂ, ಎಕ್ಸ್, ವೈ ಅಂತ ಗುಂಪುಗಳಿವೆ. ಈ ಬೆಲ್ಟಲ್ಲಿ ಆ ಕಾಲದಲ್ಲಿ ಬರ್ತಿದ್ದ ಕೇಸುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಎ ಗುಂಪಿನವೇ. 1996-97ರ ಪಿಡುಗಲ್ಲಿ 2,50,000 ಜನಕ್ಕೆ ಕಾಯಿಲೆ ಬಂದು 25,000 ಜನ ಸತ್ತರು. ಇಷ್ಟು ಸಾವು ಯುರೋಪಲ್ಲೋ ಅಮೆರಿಕದಲ್ಲೋ ಆಗಿದ್ರೆ ಮರುವರ್ಷನೇ ನಾಲ್ಕು ಕಂಪನಿ ಪೈಪೋಟಿಗೆ ಬೀಳ್ತಿದ್ವು ಅಂತ ನಾನು ನಂಬ್ತೀನಿ.

ಲಸಿಕೆನೇ ಇರಲಿಲ್ಲ ಅಂತಲ್ಲ, ಇತ್ತು. ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆ ಕವಚವನ್ನ ಬಿಡಿಸಿ ಅದನ್ನೇ ಚುಚ್ಚೋ ಹಳೇ ಲಸಿಕೆ. ತೊಂದರೆ ಏನಂದ್ರೆ ಬರೀ ಸಕ್ಕರೆ ಕೊಟ್ರೆ ಎರಡು ವರ್ಷದೊಳಗಿನ ಮಕ್ಕಳ ದೇಹ ಅದನ್ನ ಸರಿಯಾಗಿ ಗುರುತೇ ಹಿಡಿಯಲ್ಲ, ದೊಡ್ಡವರಲ್ಲೂ ರಕ್ಷಣೆ ಕೆಲವೇ ವರ್ಷ, ಮತ್ತೆ ಗಂಟಲಲ್ಲಿ ಕೂತಿರೋ ಬ್ಯಾಕ್ಟೀರಿಯಾವನ್ನ ಅದು ಓಡಿಸಲ್ಲ, ಅಂದ್ರೆ ಲಸಿಕೆ ಹಾಕಿಸ್ಕೊಂಡವರೂ ಇನ್ನೊಬ್ಬರಿಗೆ ದಾಟಿಸ್ತಾನೇ ಇರ್ತಾರೆ. ಅದಕ್ಕೇ ಅದನ್ನ ಮುಂಚೆನೇ ಎಲ್ಲರಿಗೂ ಹಾಕ್ತಿರಲಿಲ್ಲ. ವಾರಕ್ಕೆ ಲಕ್ಷ ಜನಕ್ಕೆ ಇಷ್ಟು ಕೇಸ್ ದಾಟಿದ್ರೆ ಪಿಡುಗು ಅಂತ ಘೋಷಣೆ, ಆಮೇಲೆ ಲಸಿಕೆಗೆ ಕೋರಿಕೆ, ಆಮೇಲೆ ವಿಮಾನ, ಆಮೇಲೆ ಲಾರಿ. ಇಷ್ಟೆಲ್ಲ ಆಗಿ ಹಳ್ಳಿಗೆ ಡೋಸ್ ಮುಟ್ಟೋ ಹೊತ್ತಿಗೆ ಎಷ್ಟೋ ಸಲ ಸಾಯಬೇಕಾದವರು ಸತ್ತಾಗಿರ್ತಿತ್ತು. ಮನೆ ಹೊತ್ತಿ ಉರಿಯೋವಾಗ ಬಾವಿ ತೋಡಿದ ಹಾಗೆ ಅನ್ನೋ ಮಾತು ಇದಕ್ಕೇ ಸರಿ. ಬುರ್ಕಿನಾ ಫಾಸೊದಲ್ಲಿ 2006-07ರ ಪಿಡುಗಿನ ಮೇಲೆ ಮಾಡಿದ ಒಂದು ಅಧ್ಯಯನ ಹೇಳೋ ಪ್ರಕಾರ ಒಬ್ಬ ರೋಗಿಗೆ ಒಂದು ಮನೆಯವರು ಸುಮಾರು 90 ಡಾಲರ್ ಖರ್ಚು ಮಾಡ್ತಿದ್ರು, ಅದು ಆ ದೇಶದ ತಲಾ ವಾರ್ಷಿಕ ಉತ್ಪನ್ನದ ಮೂರನೇ ಒಂದು ಭಾಗದಷ್ಟು. ಅದೂ ಔಷಧ ಸರ್ಕಾರ ಬಿಟ್ಟಿ ಕೊಡ್ತೀವಿ ಅಂದ ಕಾಯಿಲೆಗೆ.

ಸಮಸ್ಯೆ ನಿಜವಾಗಿ ಎಲ್ಲಿತ್ತು

ಹಳೇ ಲಸಿಕೆಯ ಕೊರತೆಗೆ ಪರಿಹಾರ ವಿಜ್ಞಾನಿಗಳಿಗೆ ಗೊತ್ತಿತ್ತು. ಆ ಸಕ್ಕರೆ ಸರಪಣಿಯನ್ನ ಒಂದು ಪ್ರೋಟೀನ್‌ಗೆ ಅಂಟಿಸಿ ಕೊಟ್ರೆ ದೇಹ ಪ್ರೋಟೀನ್ ಗುರುತು ಹಿಡಿಯೋ ನೆಪದಲ್ಲಿ ಸಕ್ಕರೆಯನ್ನೂ ನೆನಪಿಟ್ಕೊಳ್ಳತ್ತೆ, ಚಿಕ್ಕ ಮಕ್ಕಳಲ್ಲೂ ಕೆಲಸ ಮಾಡತ್ತೆ, ಗಂಟಲಲ್ಲಿ ಬ್ಯಾಕ್ಟೀರಿಯಾ ಕೂರೋದನ್ನೂ ತಡೆಯತ್ತೆ. ಇದಕ್ಕೆ ಕಾಂಜುಗೇಟ್ ಲಸಿಕೆ ಅಂತಾರೆ. ಬ್ರಿಟನ್ನಿನಲ್ಲಿ ಸಿ ಗುಂಪಿನ ಮೆನಿಂಜೈಟಿಸ್ ಕಾಟ ಇತ್ತು, 1999ರ ನವೆಂಬರ್‌ನಲ್ಲಿ ಅಲ್ಲಿ ಸಿ ಗುಂಪಿನ ಕಾಂಜುಗೇಟ್ ಲಸಿಕೆ ಶುರುವಾಯ್ತು, ಕೇಸ್ ಕುಸಿದು ಬಿದ್ವು. ಅದೇ ವಿದ್ಯೆ ಎ ಗುಂಪಿಗೆ ಯಾಕಿಲ್ಲ? ದುಡ್ಡು ಕೊಡೋ ದೇಶಗಳಲ್ಲಿ ಎ ಗುಂಪು ಇರಲಿಲ್ಲ, ಅಷ್ಟೇ ಕಾರಣ. ನನ್ನ ಮಟ್ಟಿಗೆ 'ನಿರ್ಲಕ್ಷಿತ ಕಾಯಿಲೆ' ಅಂದ್ರೆ ಅರ್ಥ ಇದೇ, ಮದ್ದು ಗೊತ್ತಿಲ್ಲ ಅಂತಲ್ಲ, ಮದ್ದು ಮಾಡೋ ವಿದ್ಯೆ ಪಕ್ಕದ ಶೆಲ್ಫಲ್ಲೇ ಇದ್ರೂ ಯಾರೂ ಕೈ ಚಾಚಲ್ಲ ಅಂತ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಪಾತ್ ಅನ್ನೋ ಲಾಭರಹಿತ ಸಂಸ್ಥೆ ಸೇರಿ ಮೆನಿಂಜೈಟಿಸ್ ವ್ಯಾಕ್ಸಿನ್ ಪ್ರಾಜೆಕ್ಟ್ ಅಂತ ಕಟ್ಟಿದ್ರು, ಗೇಟ್ಸ್ ಫೌಂಡೇಶನ್ 7 ಕೋಟಿ ಡಾಲರ್ ಕೊಟ್ಟಿತು. ದುಡ್ಡು ಬಂತು, ತಂಡ ಬಂತು, ಕಾರ್ಖಾನೆ ಮಾತ್ರ ಇಲ್ಲ.

ಮೊದಲ ತೀರ್ಮಾನ: ಹೋಗಿ ಕೇಳೋಣ

ಇಲ್ಲಿ ಅವರು ಮಾಡಿದ ಕೆಲಸ ಸಣ್ಣದು ಅನ್ಸತ್ತೆ, ನನಗೆ ಮಾತ್ರ ಇಡೀ ಕೇಸಲ್ಲಿ ಇದಕ್ಕಿಂತ ದೊಡ್ಡದು ಕಾಣಲ್ಲ. ಯೋಜನೆಯ ಮುಖ್ಯಸ್ಥರು ಬೆಲ್ಟ್ ದೇಶಗಳ ಆರೋಗ್ಯ ಅಧಿಕಾರಿಗಳ ಹತ್ರ ಹೋಗಿ ನಿಮಗೆ ಎಂಥ ಲಸಿಕೆ ಬೇಕು ಅಂತ ಕೇಳಿದ್ರು. ಬಂದ ಉತ್ತರದಲ್ಲಿ ಮೊದಲನೇ ಮಾತೇ ಬೆಲೆ. ಡೋಸಿಗೆ 50 ಸೆಂಟ್‌ಗಿಂತ ಹೆಚ್ಚಾದ್ರೆ ನಮ್ಮ ಕೈಲಿ ಆಗಲ್ಲ, ಎಲ್ಲರಿಗೂ ಹಾಕೋಕಾಗದ ಲಸಿಕೆ ತಂದು ಏನು ಮಾಡೋದು ಅನ್ನೋದು ಅವರ ನಿಲುವು. ಕೇಳಿದ ಮೇಲೆ ಆ ಅಂಕಿಯನ್ನ 'ನೋಡೋಣ' ಅಂತ ಪಕ್ಕಕ್ಕಿಡದೆ ಯೋಜನೆಯ ಷರತ್ತಾಗೇ ಮಾಡ್ಕೊಂಡ್ರು. ಅಲ್ಲಿಂದ ಮುಂದೆ ಯಾರೇ ಬರಲಿ, ಎಷ್ಟೇ ಒಳ್ಳೆ ತಂತ್ರಜ್ಞಾನ ತರಲಿ, ಈ ಗೆರೆ ದಾಟಿದ್ರೆ ಬೇಡ.

ಆ ಷರತ್ತಿನ ಬಿಸಿ ತಕ್ಷಣ ತಟ್ತು. ಲಸಿಕೆ ಲೋಕದ ದೊಡ್ಡ ಕಂಪನಿಗಳ ಜೊತೆ ಮಾತುಕತೆ ನಡೀತು, 2002ರ ಹೊತ್ತಿಗೆ ಮುರಿದು ಬಿತ್ತು. ಅವರ ಕಡೆಯಿಂದ ನೋಡಿದ್ರೆ ಲೆಕ್ಕ ಸುಲಭ, ಇರೋ ಕಾರ್ಖಾನೆ ಲೈನಲ್ಲಿ ಹತ್ತಾರು ಡಾಲರಿನ ಲಸಿಕೆ ಮಾಡಬಹುದಾದಾಗ 50 ಸೆಂಟಿಂದನ್ನ ಯಾಕೆ ಮಾಡ್ಬೇಕು. ಅವರನ್ನ ಬೈಯೋಕೆ ನಾನು ಇದನ್ನ ಬರೀತಿಲ್ಲ. ಇಂಥ ಹೊತ್ತಲ್ಲಿ ಬೇರೆ ಯಾರಾದ್ರೂ ಆಗಿದ್ರೆ ಏನು ಮಾಡ್ತಿದ್ರು ಯೋಚನೆ ಮಾಡಿ: ಸರಿ, ಎರಡು ಡಾಲರ್ ಆಗ್ಲಿ, ವ್ಯತ್ಯಾಸವನ್ನ ದಾನಿಗಳು ಕೊಡ್ತಾರೆ, ಮೊದಲು ಲಸಿಕೆ ಬರಲಿ ಅಂತ ಸಡಿಲ ಮಾಡ್ತಿದ್ರು. ನಾನೇ ಆ ಜಾಗದಲ್ಲಿದ್ದಿದ್ರೂ ಬಹುಶಃ ಹಾಗೇ ಮಾಡ್ತಿದ್ದೆ. ಇವರು ಬೆಲೆ ಬಿಡಲಿಲ್ಲ, ಕಂಪನಿಗಳನ್ನ ಬಿಟ್ರು.

ಎರಡನೇ ತೀರ್ಮಾನ: ತುಂಡು ತುಂಡಾಗಿ ಜೋಡಿಸೋದು

ಒಂದೇ ಕಂಪನಿ ಎಲ್ಲ ಮಾಡೋಕೆ ಒಪ್ಪದಿದ್ರೆ ಕೆಲಸನ ಭಾಗ ಮಾಡಿ ಹಂಚೋಣ ಅಂತ ಯೋಚಿಸಿದ್ರು. ಬೇಕಾಗಿದ್ದು ಮೂರು: ಎ ಗುಂಪಿನ ಸಕ್ಕರೆ, ಅದನ್ನ ಹೊರೋಕೆ ಒಂದು ಪ್ರೋಟೀನ್, ಎರಡನ್ನೂ ಅಂಟಿಸೋ ವಿದ್ಯೆ. ಸಕ್ಕರೆ ಆಮ್‌ಸ್ಟರ್‌ಡ್ಯಾಮ್‌ನ ಸಿಂಕೋ ಬಯೋ ಪಾರ್ಟ್‌ನರ್ಸ್ ಕಡೆಯಿಂದ ಬಂತು. ಪ್ರೋಟೀನ್ ಮತ್ತೆ ತಯಾರಿಕೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನದು, ಅಂದ್ರೆ ನಮ್ಮ ಬೆಳಗಾವಿಯಲ್ಲಿ ಬೆಳಿಗ್ಗೆ ಬಸ್ ಹತ್ತಿದ್ರೆ ಸಂಜೆಯೊಳಗೆ ಸೇರೋ ಊರು. 1966ರಲ್ಲಿ ಕುದುರೆ ಸಾಕ್ತಿದ್ದ ಮನೆತನದವರು ಕಟ್ಟಿದ ಸಂಸ್ಥೆ ಅದು, ಧನುರ್ವಾಯು ಲಸಿಕೆ ಮಾಡೋದರಲ್ಲಿ ಪಳಗಿದ್ದವರು, ಹಾಗಾಗಿ ಧನುರ್ವಾಯುವಿನ ಟಾಕ್ಸಾಯ್ಡನ್ನೇ, ಅಂದ್ರೆ ವಿಷ ಕಳೆದ ಅದರ ಪ್ರೋಟೀನನ್ನೇ, ಸಕ್ಕರೆ ಹೊರೋಕೆ ಬಳಸಿದ್ರು. ಹೊಸದಾಗಿ ದುಬಾರಿ ಪ್ರೋಟೀನ್ ಹುಡುಕೋ ಗೋಜಿಲ್ಲ, ಕಾರ್ಖಾನೆಯಲ್ಲಿ ಈಗಾಗಲೇ ದೊಡ್ಡ ಪ್ರಮಾಣದಲ್ಲಿ ತಯಾರಾಗ್ತಿರೋದೇ ಸಾಕು. ಬೆಲೆಯ ಗೆರೆ ಹಾಕ್ಕೊಂಡು ಕೂತಾಗ ಇಂಥ ತೀರ್ಮಾನಗಳು ತಾವಾಗೇ ಬರ್ತವೆ.

ಅಂಟಿಸೋ ವಿದ್ಯೆ ಮಾತ್ರ ಕೈಕೊಡ್ತು. ಮೊದಲು ನೆಚ್ಚಿಕೊಂಡಿದ್ದ ದಾರಿಯಲ್ಲಿ ಕೆಲಸ ಸಾಗಲಿಲ್ಲ. ಆ ಹೊತ್ತಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಳಗಿನ ಒಂದು ಲ್ಯಾಬ್, ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ, ಹೊಸ ವಿಧಾನ ಒಂದನ್ನ ಸಿದ್ಧ ಮಾಡಿತ್ತು. ಸಕ್ಕರೆ ಸರಪಣಿಯಲ್ಲಿ ಆಲ್ಡಿಹೈಡ್ ಕೊಂಡಿಗಳು, ಪ್ರೋಟೀನ್ ಕಡೆ ಹೈಡ್ರಜೈಡ್ ಕೊಂಡಿಗಳು, ಎರಡೂ ಬೇಗ ಬೇಗ ಹಿಡ್ಕೊಳ್ತವೆ, ಹಾಳಾಗಿ ಹೋಗೋ ಮಾಲು ಕಡಿಮೆ. ಹಳೇ ವಿಧಾನದಲ್ಲಿ ಹಾಕಿದ್ದರಲ್ಲಿ ಬಹುಪಾಲು ಅಂಟದೇ ದಂಡವಾಗ್ತಿತ್ತು, ಇಲ್ಲಿ ಇಳುವರಿನೇ ಜಾಸ್ತಿ, ಇಳುವರಿ ಜಾಸ್ತಿ ಅಂದ್ರೆ ಡೋಸಿನ ಖರ್ಚು ಇಳೀತು. ಆ ವಿಧಾನದ ಲೈಸೆನ್ಸ್ ಅಮೆರಿಕ ಸರ್ಕಾರದ ಕಡೆಯಿಂದ ಪಾತ್‌ಗೆ, ಪಾತ್‌ನಿಂದ ಸೀರಂಗೆ. ಬರೀ ಕಾಗದ ಕೊಟ್ಟು ಕೈ ತೊಳ್ಕೊಳ್ಳಲಿಲ್ಲ, ಪುಣೆಯ ವಿಜ್ಞಾನಿಗಳು ಬೆಥೆಸ್ಡಾಗೆ ಹೋಗಿ ಅದೇ ಲ್ಯಾಬಲ್ಲಿ ನಿಂತು ಕೈಯಾರೆ ಮಾಡಿ ಕಲಿತು ಬಂದ್ರು. ಅಡುಗೆ ಪುಸ್ತಕ ಓದಿ ಒಬ್ಬಟ್ಟು ಮಾಡೋಕೂ ಅಜ್ಜಿ ಪಕ್ಕ ಕೂತು ಕಣಕ ನಾದೋಕೂ ಇರೋ ವ್ಯತ್ಯಾಸ ಇದು, ತಂತ್ರಜ್ಞಾನ ವರ್ಗಾವಣೆ ಅನ್ನೋ ಎಷ್ಟೋ ಒಪ್ಪಂದಗಳು ಸೋಲೋದು ಈ ಭಾಗ ಬಿಟ್ಟಿದ್ದಕ್ಕೇ.

ಕೊಡು ಕೊಳ್ಳೋದು ಹೀಗಿತ್ತು: ಸೀರಂಗೆ ವಿದ್ಯೆ ಸಿಗತ್ತೆ, ಮುಂದೆ ಬೇರೆ ಲಸಿಕೆಗೂ ಬರೋ ವಿದ್ಯೆ, ಬದಲಿಗೆ ಆಫ್ರಿಕಾಗೆ ಈ ಲಸಿಕೆಯನ್ನ 50 ಸೆಂಟ್ ಒಳಗೆ ಕೊಡ್ಬೇಕು. ಶುರುವಾದಾಗ ಡೋಸಿಗೆ 40 ಸೆಂಟ್ ಆಸುಪಾಸಲ್ಲಿ ಬಂತು. ಹೊಸ ಲಸಿಕೆ ಒಂದನ್ನ ತರೋಕೆ 50 ಕೋಟಿ ಡಾಲರ್ ಬೇಕು ಅಂತ ಲೆಕ್ಕ ಹೇಳ್ತಿದ್ದ ಕಾಲದಲ್ಲಿ ಇದು 10 ಕೋಟಿಗಿಂತ ಕಡಿಮೆಯಲ್ಲಿ ಮುಗೀತು.

ಪರೀಕ್ಷೆಗಳ ಕಾಲ

2005ರಲ್ಲಿ ಮೊದಲ ಹಂತ ಭಾರತದಲ್ಲಿ, 18ರಿಂದ 35 ವಯಸ್ಸಿನ 74 ಜನ ಸ್ವಯಂಸೇವಕರ ಮೇಲೆ. ಆಮೇಲೆ ಮಾಲಿ ಮತ್ತೆ ಗ್ಯಾಂಬಿಯಾದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಸುಮಾರು 600 ಮಕ್ಕಳು. ಇಲ್ಲಿ ಬಂದ ಫಲಿತಾಂಶ ನೋಡಿದಾಗ ಎಲ್ಲರಿಗೂ ಧೈರ್ಯ ಬಂತು, ಹಳೇ ಲಸಿಕೆ ಹಾಕಿದ ಮಕ್ಕಳಿಗಿಂತ ಸುಮಾರು 20 ಪಟ್ಟು ಹೆಚ್ಚು ಪ್ರತಿಕಾಯ. ಆಮೇಲೆ ಸೆನೆಗಲ್ಲೂ ಸೇರ್ಕೊಂಡು 2ರಿಂದ 29 ವರ್ಷದವರ ಮೇಲೆ ಪರೀಕ್ಷೆ. ಕಾಯಿಲೆ ಎಲ್ಲಿದೆಯೋ ಅಲ್ಲಿನ ಮಕ್ಕಳ ಮೇಲೆ, ಅಲ್ಲಿನ ಸಂಶೋಧಕರ ಕೈಯಲ್ಲೇ ಪರೀಕ್ಷೆ ಆಗಿದ್ದರಿಂದ ಮುಂದೆ ಆ ದೇಶಗಳು ಇದು ನಮ್ಮ ಲಸಿಕೆ ಅಂತ ಮಾತಾಡಿದ್ವು. 2009ರ ಡಿಸೆಂಬರಲ್ಲಿ ಭಾರತದ ಔಷಧ ನಿಯಂತ್ರಕರ ಲೈಸೆನ್ಸ್, 2010ರ ಜೂನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ. ಹೆಸರು ಮೆನ್‌ಆಫ್ರಿವ್ಯಾಕ್.

ಮೂರನೇ ತೀರ್ಮಾನ: ಯಾರಿಗೆ ಹಾಕೋದು

ಕೈಯಲ್ಲಿ ಹೊಸ ಲಸಿಕೆ ಇದ್ದಾಗ ಸಾಮಾನ್ಯವಾಗಿ ಹುಟ್ಟೋ ಮಕ್ಕಳಿಗೆ ವಾಡಿಕೆ ಪಟ್ಟಿಯಲ್ಲಿ ಸೇರಿಸ್ತಾರೆ, ಹತ್ತು ಹದಿನೈದು ವರ್ಷದಲ್ಲಿ ನಿಧಾನಕ್ಕೆ ರಕ್ಷಣೆ ಹರಡತ್ತೆ. ಇವರು ಕಾಯೋಕೆ ಒಪ್ಪಲಿಲ್ಲ. 1 ವರ್ಷದಿಂದ 29 ವರ್ಷದ ತನಕ ಎಲ್ಲರಿಗೂ ಒಂದೇ ಡೋಸ್, ಒಂದೇ ಅಭಿಯಾನದಲ್ಲಿ. ಆ ದೇಶಗಳ ಜನಸಂಖ್ಯೆಯಲ್ಲಿ ಇದು ನೂರಕ್ಕೆ ಎಪ್ಪತ್ತರಷ್ಟು. ಮಕ್ಕಳನ್ನ ಕಾಪಾಡೋದಷ್ಟೇ ಉದ್ದೇಶ ಅಲ್ಲ, ಗಂಟಲಿಂದ ಗಂಟಲಿಗೆ ದಾಟೋ ದಾರಿನೇ ಕಡಿಯೋದು ಗುರಿ. ಇದಕ್ಕೆ ಕೋಟಿಗಟ್ಟಲೆ ಡೋಸ್ ಒಂದೇ ಸಲ ಬೇಕು, ಇಲ್ಲೇ ಆ 50 ಸೆಂಟ್ ಕೆಲಸಕ್ಕೆ ಬಂದಿದ್ದು. ಎರಡು ಡಾಲರ್ ಆಗಿದ್ರೆ ಈ ಯೋಚನೆ ಮೀಟಿಂಗ್ ಟೇಬಲ್ ತನಕನೂ ಬರ್ತಿರಲಿಲ್ಲ.

2010ರ ಡಿಸೆಂಬರ್ 6, ಬುರ್ಕಿನಾ ಫಾಸೊ. ಸುಮಾರು ಹತ್ತು ದಿನದಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಜನಕ್ಕೆ ಲಸಿಕೆ. ನಮ್ಮಲ್ಲಿ ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಬೂತ್ ಹಾಕಿ ಕೂತವರಿಗೆ ಇದು ಎಂಥ ಕೆಲಸ ಅಂತ ಗೊತ್ತಾಗತ್ತೆ, ಅಲ್ಲಿ ಬಾಯಿಗೆ ಎರಡು ಹನಿ, ಇಲ್ಲಿ ಸೂಜಿ, ಅದೂ ಇಪ್ಪತ್ತೊಂಬತ್ತು ವರ್ಷದವರೂ ಸಾಲಲ್ಲಿ ನಿಂತಿರ್ತಾರೆ. ಜನ ಬಂದ್ರು, ಯಾಕಂದ್ರೆ ಈ ಕಾಯಿಲೆಯನ್ನ ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅದರ ಜೊತೆಗೇ ಮಾಲಿ, ನೈಜರ್ ಶುರುವಾದ್ವು, ಆಮೇಲೆ ಒಂದೊಂದೇ ದೇಶ, ಬಡ ದೇಶಗಳ ಲಸಿಕೆಗೆ ದುಡ್ಡು ಕೊಡೋ ಗಾವಿ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟ ದುಡ್ಡಿನ ಹೊಣೆ ಹೊತ್ತುಕೊಳ್ತು.

ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟವಾದದ್ದು. ಐಸ್ ಪ್ಯಾಕ್ ಹೊತ್ತು ಹಳ್ಳಿ ತಿರುಗೋದು ಲಸಿಕೆ ಕೆಲಸದ ಅರ್ಧ ಕಷ್ಟ, ಕರೆಂಟೇ ಇಲ್ಲದ ಕಡೆ ಐಸ್ ಎಲ್ಲಿಂದ ತರೋದು. ಈ ಲಸಿಕೆ ಒಣ ಪುಡಿಯ ರೂಪದ್ದು, ಬಿಸಿ ತಡ್ಕೊಳ್ಳತ್ತೆ ಅನ್ನೋದು ಪರೀಕ್ಷೆಯಲ್ಲಿ ಗೊತ್ತಾಯ್ತು. ಗೊತ್ತಿದ್ರೆ ಸಾಲದು, ಲೇಬಲ್ ಮೇಲೆ ಬರೆಯೋಕೆ ನಿಯಂತ್ರಕರ ಒಪ್ಪಿಗೆ ಬೇಕು. ಅದನ್ನೂ ಪಟ್ಟು ಹಿಡಿದು 2012ರಲ್ಲಿ ತಗೊಂಡ್ರು: 40 ಡಿಗ್ರಿ ತನಕ, ನಾಲ್ಕು ದಿನ ಕೋಲ್ಡ್ ಚೈನ್, ಅಂದ್ರೆ ಫ್ರಿಜ್ಜು ಐಸಿನ ತಂಪು, ಅದರ ಹೊರಗೆ ಇಡಬಹುದು ಅಂತ. ಆ ವರ್ಷ ನವೆಂಬರಲ್ಲಿ ಬೆನಿನ್ ದೇಶದ ಬನಿಕೊವಾರಾದಲ್ಲಿ ಮೊದಲ ಸಲ ಹಾಗೆ ಕೊಟ್ರು, ಒಂದೂವರೆ ಲಕ್ಷ ಜನಕ್ಕೆ. ಹಳ್ಳಿಗೆ ಹೋದ ಕಾರ್ಯಕರ್ತೆ ಐಸ್ ಕರಗತ್ತೆ ಅಂತ ಸಂಜೆಯೊಳಗೆ ವಾಪಸ್ ಓಡಬೇಕಾಗಿಲ್ಲ, ಅಲ್ಲೇ ರಾತ್ರಿ ಉಳಿದು ಮರುದಿನ ಪಕ್ಕದ ಹಳ್ಳಿಗೆ ಹೋಗಬಹುದು.

ಏನಾಯ್ತು

ಬುರ್ಕಿನಾದಲ್ಲಿ ಮರುವರ್ಷ ಎ ಗುಂಪಿನ ಕೇಸ್ ಬೆರಳೆಣಿಕೆಯಷ್ಟು. ಸಾವಿರಾರು ಜನರ ಗಂಟಲಿಂದ ಮಾದರಿ ತೆಗೆದು ನೋಡಿದ್ರೆ ಲಸಿಕೆ ಹಾಕಿಸ್ಕೊಳ್ಳದವರ ಗಂಟಲಲ್ಲೂ ಎ ಗುಂಪು ಕಾಣೆ. ಚಾಡ್‌ನಲ್ಲಿ 2011ರ ಕೊನೆಗೆ ರಾಜಧಾನಿ ಎನ್‌ಜಮೇನಾ ಸುತ್ತಮುತ್ತ ಸುಮಾರು 18 ಲಕ್ಷ ಜನಕ್ಕೆ ಹಾಕಿದ್ರು, ಬೇರೆ ಕಡೆ ಇನ್ನೂ ಹಾಕಿರಲಿಲ್ಲ, 2012ರ ಸೀಸನ್‌ನಲ್ಲಿ ಹಾಕಿದ ಜಾಗದಲ್ಲಿ ಮೆನಿಂಜೈಟಿಸ್ ಪ್ರಮಾಣ ಹಾಕದ ಜಾಗಕ್ಕಿಂತ ಶೇಕಡಾ 94ರಷ್ಟು ಕಡಿಮೆ. ಮುಂದೆ ಬೆಲ್ಟ್ ಉದ್ದಕ್ಕೂ 30 ಕೋಟಿಗೂ ಹೆಚ್ಚು ಜನಕ್ಕೆ ಲಸಿಕೆ ಆಯ್ತು, 2017ರ ನಂತರ ಎ ಗುಂಪಿನ ಖಚಿತ ಕೇಸೇ ಬಂದಿಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರತ್ತೆ, ಆದ್ರೆ ಪ್ರಕರಣ ಅಧ್ಯಯನ ಅಂತ ಹೇಳಿ ಅರ್ಧ ಹೇಳೋದು ತಪ್ಪು. 2015ರಲ್ಲಿ ನೈಜರ್‌ನಲ್ಲಿ ದೊಡ್ಡ ಪಿಡುಗು ಬಂತು, 8,500ಕ್ಕೂ ಹೆಚ್ಚು ಕೇಸ್, 573 ಸಾವು. ಈ ಸಲ ಸಿ ಗುಂಪು. ಎ ಹೋಯ್ತು, ಆ ಪ್ರದೇಶದಲ್ಲಿ ಅಷ್ಟು ದೊಡ್ಡದಾಗಿ ಬರದೇ ಇದ್ದ ಸಿ ಬಂದು ಕೂತ್ಕೊಳ್ತು. ಮೆನಿಂಜೈಟಿಸ್ ಲಸಿಕೆ ಹಾಕಿಸಿದ್ವಲ್ಲ ಅಂತ ಕೇಳೋ, ಮಗು ಕಳ್ಕೊಂಡ ತಾಯಿಗೆ ಅದು ಬೇರೆ ಇದು ಬೇರೆ ಅಂತ ಹೇಳೋದು ಹೇಗೆ?

ಒಂದೇ ಗುಂಪಿಗೆ ಲಸಿಕೆ ಮಾಡಿದ್ದು ತಪ್ಪಾಯ್ತಾ ಅಂತ ನನ್ನನ್ನ ಕೇಳ್ತಾರೆ. ನನ್ನ ಉತ್ತರ ಇಲ್ಲ ಅಂತ. ಶುರುವಲ್ಲೇ ನಾಲ್ಕೈದು ಗುಂಪು ಸೇರಿಸೋಕೆ ಹೋಗಿದ್ರೆ ಬೆಲೆ ಗೆರೆ ದಾಟ್ತಿತ್ತು, ಕಾಲ ಇನ್ನೂ ಹತ್ತು ವರ್ಷ ಎಳೀತಿತ್ತು, ಆ ಹತ್ತು ವರ್ಷದಲ್ಲಿ ಎ ಗುಂಪು ಸುಮ್ಮನೆ ಕೂರ್ತಿರಲಿಲ್ಲ. ಆದ್ರೆ ಒಂದು ಮಾತು ಒಪ್ಕೋತೀನಿ: ಎ ಲಸಿಕೆ ಹಳ್ಳಿಗೆ ಹೋದ ದಿನದಿಂದಲೇ ಮುಂದಿನ ಲಸಿಕೆಗೆ ಹಣ, ಅವಸರ ಎರಡೂ ಇನ್ನಷ್ಟು ಜೋರಾಗಿ ಇರಬೇಕಿತ್ತು. ದೊಡ್ಡ ಗೆಲುವು ಕಂಡ ಮೇಲೆ ದಾನಿಗಳ ಕಣ್ಣು ಬೇರೆ ಕಡೆ ಹೋಗೋದು ಸಹಜ, ಅಂಥ ಹೊತ್ತಲ್ಲಿ ಕಟ್ಟಿದ ತಂಡ ಚದುರದ ಹಾಗೆ ನೋಡ್ಕೊಳ್ಳೋದು ಕಷ್ಟದ ಕೆಲಸ.

ಅದೃಷ್ಟಕ್ಕೆ ತಂಡ ಪೂರ್ತಿ ಚದುರಲಿಲ್ಲ. ಬೆಥೆಸ್ಡಾದಲ್ಲಿ ಕಲಿತು ಬಂದ ವಿದ್ಯೆ ಪುಣೆಯಲ್ಲೇ ಇತ್ತು, ಪಾತ್ ಜೊತೆಗಿತ್ತು, ಬ್ರಿಟನ್ ಸರ್ಕಾರ ದುಡ್ಡು ಹಾಕ್ತು, ಎ, ಸಿ, ಡಬ್ಲ್ಯೂ, ವೈ ಜೊತೆಗೆ ಅಲ್ಲಿತನಕ ಯಾವ ಲಸಿಕೆಯೂ ಇಲ್ಲದಿದ್ದ ಎಕ್ಸ್ ಕೂಡ ಸೇರಿಸಿ ಐದು ಗುಂಪಿನ ಲಸಿಕೆ ತಯಾರಾಯ್ತು. ಮಾಲಿ, ಗ್ಯಾಂಬಿಯಾದಲ್ಲಿ ಮತ್ತೆ ಪರೀಕ್ಷೆ. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಡ್ತು. ಇದರ ಬೆಲೆ 50 ಸೆಂಟ್ ಗೆರೆಯಲ್ಲಿ ಇಲ್ಲ, ಎಷ್ಟೋ ಪಟ್ಟು ಜಾಸ್ತಿ, ಐದು ಕಾಂಜುಗೇಟ್ ಒಂದೇ ಬಾಟಲಿಗೆ ತುಂಬಿದಾಗ ಅದು ತಪ್ಪಿದ್ದಲ್ಲ. ಹಾಗಾಗಿ ಗಾವಿ ಎಷ್ಟು ವರ್ಷ ಜೊತೆಗಿರತ್ತೆ ಅನ್ನೋದರ ಮೇಲೆ ಈ ಸಲ ಬೆಲ್ಟ್ ದೇಶಗಳು ಹೆಚ್ಚು ಅವಲಂಬಿಸಿವೆ, ಈ ಒಂದು ವಿಷಯದಲ್ಲಿ ನನಗೆ ಆತಂಕ ಇದೆ.

2024ರ ಮಾರ್ಚ್ ಕೊನೆಯಲ್ಲಿ ನೈಜೀರಿಯಾದಲ್ಲಿ ಸಿ ಗುಂಪಿನ ಪಿಡುಗು ಎದ್ದಿದ್ದಾಗ ಆ ಲಸಿಕೆಯನ್ನ ಜಗತ್ತಲ್ಲೇ ಮೊದಲ ಸಲ ಅಲ್ಲಿ ಹಾಕಿದ್ರು, ಮೊದಲ ಸುತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಗುರಿ. ವಯಸ್ಸಿನ ಮಿತಿ ಅವತ್ತು ಬುರ್ಕಿನಾದಲ್ಲಿ ಇಟ್ಟಿದ್ದೇ, 1ರಿಂದ 29.